ಕಿಕ್ಕಿರಿದ ಮೆಡಿಟರೇನಿಯನ್ ತೀರದಾಚೆಗೆ ಪ್ರವಾಸವನ್ನು ಹಂಚುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೊದಲ ಸಲ ವೆನಿಸ್ ನೋಡಿದ್ದು ನಾಲ್ಕೇ ಗಂಟೆ. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಪ್ಯಾಕೇಜ್ ಪ್ರವಾಸದವರು ನಮ್ಮನ್ನು ತಂದು ಇಳಿಸಿದರು. ಸಂತ ಮಾರ್ಕನ ಚೌಕದಲ್ಲಿ ಫೋಟೊ ತೆಗೆದೆವು, ನೀರಿನ ಬಾಟಲಿ ಕೊಂಡೆವು, ಸಂಜೆಯ ಹೊತ್ತಿಗೆ ಬೇರೆ ಊರಿನಲ್ಲಿದ್ದೆವು. ಆ ನಾಲ್ಕು ಗಂಟೆಯಲ್ಲಿ ವೆನಿಸ್‌ನವರೊಬ್ಬರ ಜೊತೆಗೂ ಮಾತನಾಡಿರಲಿಲ್ಲ ಎಂಬುದು ಮನೆಗೆ ಮರಳಿದ ಮೇಲೆ ಹೊಳೆಯಿತು. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಆಮೇಲಿನ ವರ್ಷಗಳಲ್ಲಿ ಓದಿದ್ದನ್ನು, ನಡೆದು ನೋಡಿದ್ದನ್ನು, ಸ್ನೇಹಿತರೂ ಓದುಗರೂ ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಉತ್ತರವಾಗಿ ಇಲ್ಲಿ ಬರೆದಿದ್ದೇನೆ.

ಅಲ್ಲಿ ನಿಜಕ್ಕೂ ಅಷ್ಟೊಂದು ಜನ ಸೇರುತ್ತಾರೆಯೇ?

ಸೇರುತ್ತಾರೆ. ಸ್ಪೇನ್‌ಗೆ 2024ರಲ್ಲಿ ಬಂದ ವಿದೇಶಿ ಪ್ರವಾಸಿಗರು ಸುಮಾರು 9.4 ಕೋಟಿ. ಆ ದೇಶದ ಜನಸಂಖ್ಯೆ ಐದು ಕೋಟಿಗೂ ಕಡಿಮೆ. ಗ್ರೀಸಿನ ಸಾಂಟೊರಿನಿ ದ್ವೀಪದಲ್ಲಿ ಕಾಯಂ ಆಗಿ ವಾಸಿಸುವವರು ಹದಿನೈದೂವರೆ ಸಾವಿರ; ವರ್ಷಕ್ಕೆ ಅಲ್ಲಿ ಬಂದು ಹೋಗುವವರು ಮೂವತ್ತು ಲಕ್ಷ ಮೀರುತ್ತಾರೆ.

ಆದರೆ ಒಟ್ಟು ಸಂಖ್ಯೆಯನ್ನು ಹಿಡಿದು ಕೂತರೆ ತೊಂದರೆಯ ಬೇರು ಸಿಗುವುದಿಲ್ಲ. ಸ್ಪೇನ್ ದೊಡ್ಡ ದೇಶ. ಅದರ ಮೆಡಿಟರೇನಿಯನ್ ತೀರದಿಂದ ಒಳಕ್ಕೆ ಎರಡು ಗಂಟೆ ಪ್ರಯಾಣ ಮಾಡಿದರೆ ಸಿಗುವ ತೆರುಎಲ್ ಪ್ರಾಂತ್ಯದಲ್ಲಿ ಒಂದು ಚದರ ಕಿಲೋಮೀಟರಿಗೆ ಸರಾಸರಿ ಒಂಬತ್ತು ಜನರಿದ್ದಾರೆ. ನಮ್ಮ ಕರ್ನಾಟಕದಲ್ಲಿ 2011ರ ಜನಗಣತಿಯಂತೆ ಅದು 319. ತೆರುಎಲ್‌ನ ಎಷ್ಟೋ ಹಳ್ಳಿಗಳಲ್ಲಿ ಶಾಲೆ ಮುಚ್ಚಿದೆ, ಅಂಗಡಿ ಮುಚ್ಚಿದೆ, ಬಸ್ಸು ನಿಂತಿದೆ. ಅದೇ ಹೊತ್ತಿಗೆ ಬಾರ್ಸಿಲೋನಾದ ಬೀದಿಗಳಲ್ಲಿ ಕಾಲಿಡಲು ಜಾಗವಿಲ್ಲ. ಕೆಲವೇ ಚದರ ಕಿಲೋಮೀಟರು, ವರ್ಷದಲ್ಲಿ ಕೆಲವೇ ವಾರ, ದಿನದಲ್ಲಿ ಕೆಲವೇ ಗಂಟೆ: ಎಲ್ಲರೂ ಅಷ್ಟರೊಳಗೆ ತುಂಬಿಕೊಳ್ಳುವುದೇ ಅಲ್ಲಿನ ತೊಂದರೆ.

ಪ್ರವಾಸಿಗರಿಂದ ಹಣ ಬರುತ್ತದಲ್ಲ, ಊರಿನವರಿಗೆ ಏಕಿಷ್ಟು ಸಿಟ್ಟು?

ಹಣ ಒಬ್ಬರ ಕೈಗೆ ಬರುತ್ತದೆ, ಮನೆ ಇನ್ನೊಬ್ಬರ ಕೈ ತಪ್ಪುತ್ತದೆ. ವೆನಿಸ್‌ನ ಹಳೆಯ ದ್ವೀಪನಗರದಲ್ಲಿ 1950ರ ದಶಕದ ಆರಂಭದಲ್ಲಿ ಸುಮಾರು 1,75,000 ಜನರಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಇದಕ್ಕೆ ಪ್ರವಾಸವೊಂದೇ ಕಾರಣವಲ್ಲ. ನೀರು ನುಗ್ಗುವ ಹಳೆಯ ಮನೆಗಳು, ಒಳನಾಡಿನ ಕಡೆ ಬೆಳೆದ ಉದ್ಯೋಗಗಳು ಕೂಡ ಜನರನ್ನು ಎಳೆದುಕೊಂಡವು. ಆದರೆ ಬಿಟ್ಟುಹೋದ ಮನೆ ಮತ್ತೆ ಒಂದು ಸಂಸಾರದ ಮನೆಯಾಗದಂತೆ ತಡೆದದ್ದು ದಿನಬಾಡಿಗೆಯ ವ್ಯಾಪಾರ. ತಿಂಗಳ ಬಾಡಿಗೆಯನ್ನು ವಾರಾಂತ್ಯದಲ್ಲೇ ಗಳಿಸಬಹುದು ಎಂದಾದರೆ ಮನೆಯ ಯಜಮಾನ ಶಿಕ್ಷಕಿಗೋ ದಾದಿಗೋ ಬಾಡಿಗೆ ಕೊಡುವುದಾದರೂ ಏಕೆ?

ಬಾರ್ಸಿಲೋನಾದ ಮೇಯರ್ ಜೌಮೆ ಕೊಲ್ಬೊನಿ 2024ರ ಜೂನ್‌ನಲ್ಲಿ, ನಗರದ ಹತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿ ಅಪಾರ್ಟ್‌ಮೆಂಟುಗಳ ಪರವಾನಗಿಯನ್ನು 2028ರ ನವೆಂಬರ್ ಬಳಿಕ ನವೀಕರಿಸುವುದಿಲ್ಲ ಎಂದು ಘೋಷಿಸಿದರು. ಮುಂದಿನ ತಿಂಗಳೇ ಅಲ್ಲಿನ ಪ್ರತಿಭಟನಾಕಾರರು ಹೋಟೆಲಿನ ಮುಂದೆ ಕೂತಿದ್ದ ಪ್ರವಾಸಿಗರ ಮೇಲೆ ಆಟದ ಪಿಚಕಾರಿಯಿಂದ ನೀರು ಹಾರಿಸಿದ ಚಿತ್ರಗಳು ಲೋಕವನ್ನೆಲ್ಲ ಸುತ್ತಿದವು. ಸ್ಪೇನಿನದೇ ಇಬಿಸಾ ದ್ವೀಪದಲ್ಲಿ ಹೋಟೆಲುಗಳಿಗೆ ದುಡಿಯುವವರೇ ಬಾಡಿಗೆ ಕೊಡಲಾರದೆ ವ್ಯಾನುಗಳಲ್ಲಿ, ಡೇರೆಗಳಲ್ಲಿ ಮಲಗುತ್ತಾರೆ. ಅತಿಥಿಗೆ ಹಾಸಿಗೆ ಹಾಸಿಕೊಡುವ ಕೈಗೇ ಮಲಗಲು ಹಾಸಿಗೆ ಇಲ್ಲ ಎಂಬುದನ್ನು ನಾನು ಅಂಕಿಅಂಶವಾಗಿ ಓದಿ ಮುಂದೆ ಹೋಗಲಾರೆ.

ಈ ಮನಸ್ಸಿನ ಪಯಣವನ್ನು ಡಾಕ್ಸಿ ಎಂಬ ವಿದ್ವಾಂಸರು 1975ರಲ್ಲೇ ನಾಲ್ಕು ಮೆಟ್ಟಿಲುಗಳಾಗಿ ಗುರುತಿಸಿದ್ದರು: ಮೊದಲು ಸಂಭ್ರಮ, ನಂತರ ಉದಾಸೀನ, ಆಮೇಲೆ ಕಿರಿಕಿರಿ, ಕೊನೆಗೆ ಹಗೆ.

ಪ್ರವಾಸಿಗರನ್ನು ‘ಹಂಚುವುದು’ ಎಂದರೆ ಏನು?

ಮೂರು ರೀತಿಯಲ್ಲಿ ಹಂಚಬಹುದು. ಜಾಗದಲ್ಲಿ: ತೀರದಿಂದ ಒಳನಾಡಿಗೆ, ಹೆಸರಾದ ದ್ವೀಪದಿಂದ ಪಕ್ಕದ ದ್ವೀಪಕ್ಕೆ. ಕಾಲದಲ್ಲಿ: ಆಗಸ್ಟ್‌ನಿಂದ ಏಪ್ರಿಲ್‌ಗೆ ಅಥವಾ ಅಕ್ಟೋಬರ್‌ಗೆ, ನಡುಹಗಲಿನಿಂದ ಬೆಳಗಿನ ಜಾವಕ್ಕೆ. ಮೂರನೆಯದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ, ನನಗೆ ಮಾತ್ರ ಅದೇ ಮುಖ್ಯ: ತಂಗುವ ಅವಧಿಯನ್ನು ಹಿಗ್ಗಿಸುವುದು. ಎರಡು ರಾತ್ರಿಗೆ ಬರುವ ನಾಲ್ವರ ಬದಲು ಎಂಟು ರಾತ್ರಿ ಉಳಿಯುವ ಒಬ್ಬ ಬಂದರೆ ಹಾಸಿಗೆಗಳು ಅಷ್ಟೇ ತುಂಬುತ್ತವೆ. ವಿಮಾನದ ಸೀಟು ಕಾಲುಭಾಗ ಸಾಕು. ಆ ಒಬ್ಬನಿಗೆ ಬೇಕರಿಯವನ ಹೆಸರೂ ಗೊತ್ತಾಗುತ್ತದೆ.

ಜನರನ್ನು ಬೇರೆ ಊರಿಗೆ ಕಳಿಸಿದರೆ ಆ ಊರೂ ಹಾಳಾಗುವುದಿಲ್ಲವೇ?

ಎಲ್ಲಕ್ಕಿಂತ ಗಟ್ಟಿಯಾದ ಪ್ರಶ್ನೆ ಇದು. ಪ್ರವಾಸೋದ್ಯಮ ಇಲಾಖೆಗಳು ಇದಕ್ಕೆ ನೇರವಾಗಿ ಉತ್ತರಿಸುವುದು ಅಪರೂಪ. ಯೋಜನೆಯಿಲ್ಲದೆ ಹಂಚಿದರೆ ಖಂಡಿತ ಹಾಳಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಅಲ್ಬೇನಿಯಾವನ್ನು ನೋಡಿ. ಸುಮಾರು 24 ಲಕ್ಷ ಜನಸಂಖ್ಯೆಯ ಆ ದೇಶಕ್ಕೆ 2023ರಲ್ಲಿ ಒಂದು ಕೋಟಿಗೂ ಹೆಚ್ಚು ವಿದೇಶಿಯರು ಬಂದರು. ‘ಗ್ರೀಸಿನಂಥದ್ದೇ ನೀಲಿ ನೀರು, ಅರ್ಧ ಬೆಲೆ’ ಎಂಬ ಮಾತು ಹರಡಿದ್ದೇ ತಡ, ದಕ್ಷಿಣ ತುದಿಯ ಕ್ಸಾಮಿಲ್ ಎಂಬ ಸಣ್ಣ ಕಡಲೂರು ಬೇಸಿಗೆಯಲ್ಲಿ ತುಂಬಿ ತುಳುಕತೊಡಗಿತು. ಮರಳಿನ ಮೇಲೆ ಸಾಲುಗಟ್ಟಿದ ಕೊಡೆಗಳು, ಎಲ್ಲೆಂದರಲ್ಲಿ ಕಾಂಕ್ರೀಟು. ಗ್ರೀಸಿಗೆ ಹೋಗುವವರು ಅದರಿಂದ ಕಡಿಮೆಯಾದರೇ? ಇಲ್ಲ. ಎರಡೂ ಕಡೆ ಜನ ಹೆಚ್ಚಿದರು. ಇಲ್ಲಿರುವ ಪಾಠ ಕಹಿಯಾದದ್ದು. ಹೊಸ ಊರನ್ನು ಜಾಹೀರಾತು ಮಾಡಿದರೆ ಹಳೆಯ ಊರಿನ ಜನ ಅಲ್ಲಿಗೆ ಸರಿಯುವುದಿಲ್ಲ. ಹೊಸ ಜನ ಹುಟ್ಟಿಕೊಳ್ಳುತ್ತಾರೆ. ಹಳೆಯ ಊರಿಗೆ ಮಿತಿ ಹಾಕದೆ ಹೊಸ ಊರಿಗೆ ದಾರಿ ತೋರಿಸುವುದರಿಂದ ಹಂಚಿಕೆ ಆಗುವುದಿಲ್ಲ, ವ್ಯಾಪಾರ ವಿಸ್ತರಣೆ ಆಗುತ್ತದೆ.

ಅದೇ ಅಲ್ಬೇನಿಯಾ 2023ರ ಮಾರ್ಚ್‌ನಲ್ಲಿ ವ್ಯೋಸಾ ನದಿಯನ್ನು ರಾಷ್ಟ್ರೀಯ ಉದ್ಯಾನವನವೆಂದು ಘೋಷಿಸಿತು. ಅಣೆಕಟ್ಟಿಲ್ಲದೆ ಹರಿಯುವ ಯುರೋಪಿನ ದೊಡ್ಡ ನದಿಗಳಲ್ಲಿ ಅದೊಂದು. ಜನ ಮುತ್ತುವ ಮೊದಲೇ ಗಡಿ ಗುರುತಿಸಿದ ಈ ಕೆಲಸವನ್ನು ಮನಸಾರೆ ಮೆಚ್ಚುತ್ತೇನೆ.

ಇನ್ನೊಂದು ನಿಜವನ್ನೂ ಒಪ್ಪಿಕೊಳ್ಳೋಣ. ಜೀವನದಲ್ಲಿ ಒಂದೇ ಸಲ ಯುರೋಪಿಗೆ ಹೋಗುವವನನ್ನು ವೆನಿಸ್‌ನಿಂದ ತಿರುಗಿಸಲು ಆಗುವುದಿಲ್ಲ, ತಿರುಗಿಸಬಾರದು ಕೂಡ. ಎರಡನೆಯ, ಮೂರನೆಯ ಸಲ ಬರುವವರು ಒಳನಾಡಿಗೆ ಬರುತ್ತಾರೆ. ಯೋಜನೆಯ ಕಣ್ಣು ಅವರ ಮೇಲಿರಬೇಕು.

ಸಣ್ಣ ಊರೊಂದು ಜನರನ್ನು ಕರೆಯುವ ಮುನ್ನ ಏನು ಲೆಕ್ಕ ಹಾಕಬೇಕು?

ಮೊದಲು ಆಗಸ್ಟ್ ತಿಂಗಳ ನೀರು. ಮೆಡಿಟರೇನಿಯನ್ ನಾಡುಗಳಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಜನ ಬರುವುದು ಬೇಸಿಗೆಯಲ್ಲಿ. ಕೆರೆ ಬತ್ತಿದ ಹೊತ್ತಿಗೇ ಈಜುಕೊಳ ತುಂಬಬೇಕು. 2024ರಲ್ಲಿ ಗ್ರೀಸಿನ ನಾಕ್ಸೋಸ್ ದ್ವೀಪದ ಜಲಾಶಯ ಬರಿದಾಯಿತು. ಅದೇ ವರ್ಷ ಸಿಸಿಲಿಯ ಅಗ್ರಿಜೆಂಟೊದಲ್ಲಿ ನೀರಿಗೆ ಪಾಳಿ ಹಾಕಬೇಕಾಯಿತು, ಫೆಬ್ರುವರಿಯಲ್ಲಿ ಬಾರ್ಸಿಲೋನಾದಲ್ಲಿ ಬರದ ತುರ್ತುಸ್ಥಿತಿ ಜಾರಿಯಾಯಿತು. ಈ ಸಮುದ್ರದ ಸುತ್ತಲ ನಾಡು ಜಗತ್ತಿನ ಸರಾಸರಿಗಿಂತ ಸುಮಾರು ಶೇಕಡಾ 20ರಷ್ಟು ವೇಗವಾಗಿ ಬಿಸಿಯಾಗುತ್ತಿದೆ. ಆದ್ದರಿಂದ ಹಿಂದಿನ ವರ್ಷಗಳ ಲೆಕ್ಕವನ್ನು ಮುಂದಿನ ವರ್ಷಗಳಿಗೆ ನಂಬಿಕೊಳ್ಳುವ ಹಾಗೂ ಇಲ್ಲ.

ನೀರು ಬಂದ ಮೇಲೆ ಅದು ಹೋಗುವ ದಾರಿ. ಇನ್ನೂರು ಜನರಿಗೆ ಕಟ್ಟಿದ ಒಳಚರಂಡಿ ಎರಡು ಸಾವಿರ ಜನರನ್ನು ತಾಳುವುದಿಲ್ಲ. ಹೊರಬಂದದ್ದು ನೇರವಾಗಿ ಸಮುದ್ರ ಸೇರುತ್ತದೆ. ಕಸ, ವಿದ್ಯುತ್ತು, ಆಂಬುಲೆನ್ಸ್ ಕೂಡ ಹೀಗೆಯೇ. ಗ್ರೀಸಿನ ಪುಟ್ಟ ದ್ವೀಪ ಟಿಲೋಸ್ ಗಾಳಿಯಂತ್ರ, ಸೌರಫಲಕ ಮತ್ತು ಬ್ಯಾಟರಿಗಳನ್ನು ಜೋಡಿಸಿ ತನ್ನ ವಿದ್ಯುತ್ತನ್ನು ತಾನೇ ಮಾಡಿಕೊಳ್ಳುವ ದಾರಿ ಹಿಡಿಯಿತು, ಕಸವನ್ನು ಮನೆಮನೆಯಲ್ಲೇ ವಿಂಗಡಿಸಿತು. ಅತಿಥಿಗಳನ್ನು ಕರೆಯುವ ಮಾತು ಅದಕ್ಕೆ ಒಪ್ಪುತ್ತದೆ.

ಆಮೇಲೆ ಊರಿನ ಅತ್ಯಂತ ಇಕ್ಕಟ್ಟಾದ ಜಾಗ ಯಾವುದು ಎಂದು ಗುರುತಿಸಬೇಕು. ಅದು ಓಣಿಯಾಗಿರಬಹುದು, ಕಾಲುದಾರಿಯಾಗಿರಬಹುದು, ಊರಿಗೆ ಬರುವ ಒಂದೇ ಸೇತುವೆಯಾಗಿರಬಹುದು. ಊರಿನ ಧಾರಣಾಶಕ್ತಿ, ಅಂದರೆ ಅದು ಎಷ್ಟು ಜನರನ್ನು ತಾಳಬಲ್ಲದು ಎಂಬುದು, ಆ ಜಾಗದ ಧಾರಣಾಶಕ್ತಿಯೇ. ಹೋಟೆಲ್ ಕೋಣೆಗಳನ್ನು ಎಣಿಸಿ ಕೂರುವವರಿಗೆ ಇದು ಕಾಣುವುದಿಲ್ಲ.

ಕೊನೆಯದಾಗಿ, ಎಷ್ಟು ಮನೆಗಳನ್ನು ಪ್ರವಾಸಿಗರಿಗೆ ಬಿಡಬೇಕು ಎಂಬ ನಿಯಮವನ್ನು ಮೊದಲ ಪ್ರವಾಸಿ ಬರುವ ಮುಂಚೆಯೇ ಬರೆಯಬೇಕು. ಬಂದ ಮೇಲೆ ಬರೆಯಲು ಹೊರಟರೆ ಆಗಲೇ ಲಾಭದ ರುಚಿ ಕಂಡವರು ಅಡ್ಡ ನಿಲ್ಲುತ್ತಾರೆ. ಸಾವಿರಾರು ಮನೆಗಳು ಪ್ರವಾಸಿಗರ ಪಾಲಾದ ಮೇಲೆ ನಿಯಮ ಮಾಡುವುದಕ್ಕಿಂತ, ಅಂಥ ಮನೆಗಳು ಹದಿನಾಲ್ಕಿದ್ದಾಗಲೇ ಮಾಡುವುದು ಸುಲಭ.

ಸಂಖ್ಯೆಗೆ ಮಿತಿ ಹಾಕಿದ ಕಡೆ ಫಲ ಸಿಕ್ಕಿದೆಯೇ?

ಸಣ್ಣ, ನಿಸರ್ಗದ ತಾಣಗಳಲ್ಲಿ ಚೆನ್ನಾಗಿ ಸಿಕ್ಕಿದೆ. ಫ್ರಾನ್ಸಿನ ಮಾರ್ಸೇ ನಗರದ ಪಕ್ಕದ ಕಲಾಂಕ್ ರಾಷ್ಟ್ರೀಯ ಉದ್ಯಾನವನದಲ್ಲಿ ಸುಜಿತೋನ್ ಎಂಬ ಕಡಲ ಕಣಿವೆಯಿದೆ. ಬೇಸಿಗೆಯಲ್ಲಿ ಒಂದೇ ದಿನ ಎರಡೂವರೆ ಸಾವಿರ ಜನ ಇಳಿಯುತ್ತಿದ್ದರು. ತುಳಿತಕ್ಕೆ ಮಣ್ಣು ಸವೆದು ಪೈನ್ ಮರಗಳ ಬೇರು ಹೊರಬಂದಿತ್ತು. 2022ರಿಂದ ಬೇಸಿಗೆಯ ದಟ್ಟಣೆಯ ದಿನಗಳಲ್ಲಿ ದಿನಕ್ಕೆ 400 ಜನರಿಗೆ ಮಾತ್ರ ಪ್ರವೇಶ. ಮುಂಗಡ ಕಾಯ್ದಿರಿಸಬೇಕು, ಆದರೆ ಶುಲ್ಕವಿಲ್ಲ. ಶುಲ್ಕವಿಲ್ಲ ಎಂಬುದು ನನಗೆ ತುಂಬ ಹಿಡಿಸಿದ ಅಂಶ. ದುಡ್ಡಿದ್ದವನಿಗಷ್ಟೇ ಬಾಗಿಲು ತೆರೆಯದೆ ಮಿತಿ ಹಾಕಲು ಸಾಧ್ಯ ಎಂದು ಅವರು ತೋರಿಸಿದರು.

ಇಟಲಿಯ ಸಾರ್ಡೀನಿಯಾ ದ್ವೀಪದ ಲಾ ಪೆಲೊಸಾ ಕಡಲತೀರಕ್ಕೆ ದಿನಕ್ಕೆ 1,500 ಜನ, ಮೂರೂವರೆ ಯೂರೊ ಶುಲ್ಕ. ಟವೆಲ್ಲಿನ ಕೆಳಗೆ ಚಾಪೆ ಹಾಸಲೇಬೇಕು, ಏಕೆಂದರೆ ಒದ್ದೆ ಟವೆಲ್ಲಿಗೆ ಅಂಟಿಕೊಂಡು ಮರಳು ಊರು ಬಿಡುತ್ತದೆ! ಅದೇ ದ್ವೀಪದ ಕಾಲಾ ಗೊಲೊರಿತ್ಸೆಗೆ ದಿನಕ್ಕೆ 250 ಜನ ಮಾತ್ರ.

ಊರುಗಳಲ್ಲಿ ಮಿತಿ ಕಷ್ಟ, ಅಸಾಧ್ಯವಲ್ಲ. ಅಥೆನ್ಸಿನ ಗುಡ್ಡದ ಮೇಲಿನ ಪುರಾತನ ದೇಗುಲಗಳ ತಾಣ ಆಕ್ರೊಪೊಲಿಸ್‌ಗೆ 2023ರ ಸೆಪ್ಟೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿಯಿದೆ, ಗಂಟೆಗೆ ಇಂತಿಷ್ಟು ಜನ ಎಂಬ ಲೆಕ್ಕದಲ್ಲಿ ಟಿಕೆಟ್.

ವೆನಿಸ್‌ನ ಪ್ರವೇಶ ಶುಲ್ಕದಿಂದ ಜನ ಕಡಿಮೆಯಾದರೇ?

ಅದನ್ನು ಜನರನ್ನು ಕಡಿಮೆ ಮಾಡುವ ಸಾಧನವೆಂದು ನಂಬುವುದು ಕಷ್ಟ. 2024ರ ಏಪ್ರಿಲ್ 25ರಂದು ಶುರುವಾದಾಗ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ 5 ಯೂರೊ. ಆ ವರ್ಷ 29 ದಿನ ಮಾತ್ರ. 2025ರಲ್ಲಿ 54 ದಿನಗಳಿಗೆ ವಿಸ್ತರಿಸಿ, ತಡವಾಗಿ ಕಾಯ್ದಿರಿಸುವವರಿಗೆ 10 ಯೂರೊ ಮಾಡಿದರು. ಸಾವಿರಾರು ರೂಪಾಯಿ ಖರ್ಚು ಮಾಡಿ ಬಂದವನು ಐದು ಯೂರೊ ಕೇಳಿದರೆಂದು ಹಿಂದಿರುಗುವುದಿಲ್ಲ. ಒಂದು ಉಪಯೋಗ ಮಾತ್ರ ಖಂಡಿತ ಇದೆ: ಯಾವ ದಿನ ಎಷ್ಟು ಜನ ಬರುತ್ತಾರೆ ಎಂಬುದು ಊರಿಗೆ ಮೊದಲೇ ತಿಳಿಯುತ್ತದೆ. ಎಣಿಸದೆ ಏನನ್ನೂ ಹಂಚಲಾಗದು.

ಶುಲ್ಕ ಊರಿಗೆ ಪೂರ್ತಿ ವರವಾದ ಕಡೆಯೂ ಇದೆ. ರೋಮಿನ ಉತ್ತರಕ್ಕೆ, ಕುಸಿಯುತ್ತಿರುವ ಗುಡ್ಡದ ನೆತ್ತಿಯ ಮೇಲೆ ಚಿವಿತಾ ದಿ ಬಾನ್ಯೊರೆಜೊ ಎಂಬ ಊರಿದೆ. ಕಾಯಂ ನಿವಾಸಿಗಳು ಬೆರಳೆಣಿಕೆಯಷ್ಟು. 2013ರಲ್ಲಿ ಒಂದೂವರೆ ಯೂರೊ ಪ್ರವೇಶ ಶುಲ್ಕ ಇಟ್ಟರು, ನಂತರ ಅದು ಐದಾಯಿತು. ಆ ಹಣದಿಂದ ಅಲ್ಲಿನ ಪುರಸಭೆ ತನ್ನ ಜನರ ಸ್ಥಳೀಯ ತೆರಿಗೆಯನ್ನೇ ಮನ್ನಾ ಮಾಡಿತು. ಆದರೆ ಊರು ವಾಸದ ಊರಾಗಿ ಉಳಿದಿದೆಯೇ ಎಂದು ಕೇಳಿದರೆ ಹೌದೆನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಕ್ರೂಸ್ ಹಡಗುಗಳ ವಿಷಯವೇನು?

ಒಂದು ಹಡಗು ಮೂರು-ನಾಲ್ಕು ಸಾವಿರ ಜನರನ್ನು ಒಂದೇ ಗಳಿಗೆಯಲ್ಲಿ ಇಳಿಸುತ್ತದೆ, ಊಟಕ್ಕೂ ನಿದ್ದೆಗೂ ಮರಳಿ ಕರೆದುಕೊಳ್ಳುತ್ತದೆ. ಬೀದಿಗೆ ಬರುವುದು ಜನ, ಊರಿಗೆ ಬರುವುದು ಚಿಲ್ಲರೆ. ಕ್ರೊಯೇಷಿಯಾದ ಡುಬ್ರೊವ್ನಿಕ್ ನಗರ 2019ರಿಂದ ದಿನಕ್ಕೆ ಎರಡೇ ಹಡಗು ಎಂದು ನಿಗದಿ ಮಾಡಿತು. ವೆನಿಸ್‌ನ ಜುದೆಕ್ಕಾ ಕಾಲುವೆಗೆ 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳು ಬರುವಂತಿಲ್ಲ. ಸ್ಪೇನಿನ ಮಯೋರ್ಕಾ ದ್ವೀಪದ ಪಾಲ್ಮಾ ನಗರ 2022ರಿಂದ ದಿನಕ್ಕೆ ಮೂರು ಹಡಗಿಗೆ ನಿಂತಿದೆ. ಸಾಂಟೊರಿನಿಯಲ್ಲಿ 2025ರಿಂದ ದಿನಕ್ಕೆ 8,000 ಕ್ರೂಸ್ ಪ್ರಯಾಣಿಕರ ಮಿತಿ ಇದೆ. ಹದಿನೈದು ಸಾವಿರ ಜನರ ದ್ವೀಪಕ್ಕೆ ಅದೂ ಹೆಚ್ಚೇ.

ಒಳನಾಡಿಗೆ ಜನರನ್ನು ಕರೆದೊಯ್ದು ಗೆದ್ದ ಉದಾಹರಣೆಗಳಿವೆಯೇ?

ಇವೆ, ಕೆಲವು ತುಂಬ ಹಳೆಯವು. ಸ್ಪೇನ್ ಸರ್ಕಾರ 1928ರಲ್ಲಿ ಗ್ರೆದೋಸ್ ಬೆಟ್ಟಗಳಲ್ಲಿ ಮೊದಲ ‘ಪರಾದೋರ್’ ತೆರೆಯಿತು. ಹಳೆಯ ಕೋಟೆ, ಮಠ, ಅರಮನೆಗಳನ್ನು ಸರ್ಕಾರವೇ ದುರಸ್ತಿ ಮಾಡಿ ಅತಿಥಿಗೃಹವಾಗಿ ನಡೆಸುವ ಈ ವ್ಯವಸ್ಥೆ ಇಂದು ನೂರರ ಹತ್ತಿರ ಬಂದಿದೆ. ಖಾಸಗಿ ಹೋಟೆಲಿನವರು ಕಾಲಿಡದ ಊರಿನಲ್ಲೂ ಒಳ್ಳೆಯ ಹಾಸಿಗೆ, ಆ ಸೀಮೆಯದೇ ಅಡುಗೆ, ಜೊತೆಗೆ ಬೀಳಲಿದ್ದ ಕಟ್ಟಡಕ್ಕೆ ಒಂದು ಸೂರು.

ಸ್ಪೇನಿನ ಇನ್ನೊಂದು ಕೆಲಸ ‘ವಿಯಾ ವೆರ್ದೆ’, ಅಂದರೆ ಹಸಿರು ಹಾದಿ. ರೈಲು ನಿಂತುಹೋದ ಹಳಿಗಳ ಜಾಡನ್ನು 1993ರಿಂದ ಸೈಕಲ್ ಮತ್ತು ನಡಿಗೆಯ ದಾರಿಯನ್ನಾಗಿ ಮಾಡುತ್ತಾ ಬಂದು ಈಗ ಮೂರು ಸಾವಿರ ಕಿಲೋಮೀಟರು ದಾಟಿದೆ. ತೆರುಎಲ್‌ನ ಓಹೋಸ್ ನೆಗ್ರೋಸ್ ಗಣಿಯಿಂದ ಸಾಗುಂತೊ ಬಂದರಿಗೆ ಕಬ್ಬಿಣದ ಅದಿರು ಸಾಗಿಸುತ್ತಿದ್ದ ರೈಲು ದಾರಿ ಈಗ ಸುಮಾರು 160 ಕಿಲೋಮೀಟರಿನ ಸೈಕಲ್ ಹಾದಿ. ಒಂದು ಕಾಲದಲ್ಲಿ ಒಳನಾಡಿನ ಸಂಪತ್ತನ್ನು ಕಡಲಿಗೆ ಇಳಿಸಿದ ದಾರಿಯೇ ಇಂದು ಕಡಲ ಕಡೆಯಿಂದ ಜನರನ್ನು ಒಳನಾಡಿಗೆ ಹತ್ತಿಸುತ್ತಿದೆ. ರೈಲಿಗಾಗಿ ಕಟ್ಟಿದ್ದರಿಂದ ಏರು ಹೆಚ್ಚಿಲ್ಲ. ಮಕ್ಕಳೂ ಹಿರಿಯರೂ ತುಳಿಯಬಹುದು. ಕ್ರೊಯೇಷಿಯಾದ ಇಸ್ಟ್ರಿಯಾದಲ್ಲಿ ಪರೆಂಜಾನಾ ಎಂಬ ಹಳೆಯ ಕಿರುರೈಲಿನ ಜಾಡೂ ಹೀಗೆಯೇ ಮರುಹುಟ್ಟು ಪಡೆದಿದೆ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಇಟಲಿಯ ‘ಆಲ್ಬೆರ್ಗೊ ದಿಫ್ಫೂಸೊ’. ಮಾತಿನ ಅರ್ಥ ಚದುರಿದ ಹೋಟೆಲ್ ಎಂದು. 1976ರ ಫ್ರಿಯೂಲಿ ಭೂಕಂಪದ ನಂತರ, ಸರಿಪಡಿಸಿದ ಮನೆಗಳು ಜನವಿಲ್ಲದೆ ಖಾಲಿ ಬಿದ್ದಾಗ ಮೂಡಿದ ವಿಚಾರ ಇದು. ಬೆಳೆಸಿದವರು ಜಾಂಕಾರ್ಲೊ ದಲ್ಲಾರಾ. ಹೊಸ ಕಟ್ಟಡ ಕಟ್ಟುವುದಿಲ್ಲ. ಊರ ಚೌಕದ ಒಂದು ಮನೆಯಲ್ಲಿ ಬೀಗದ ಕೈ ಕೊಡುತ್ತಾರೆ. ಮಲಗುವ ಕೋಣೆ ಎರಡು ಓಣಿ ಆಚೆ, ಬೆಳಗಿನ ತಿಂಡಿ ಇನ್ನೊಂದು ಮನೆಯಲ್ಲಿ. ಕೋಣೆಯಿಂದ ತಿಂಡಿಗೆ ಹೋಗುವಾಗ ಊರನ್ನು ಹಾದೇ ಹೋಗಬೇಕು. ಊರೇ ಹೋಟೆಲಿನ ಪಡಸಾಲೆ. ಸಾರ್ಡೀನಿಯಾ 1998ರಲ್ಲಿ ಇದಕ್ಕೆ ಮೊದಲ ಕಾನೂನು ಮಾಡಿತು.

ಅಬ್ರುತ್ಸೊ ಪ್ರಾಂತ್ಯದ ಸಾಂತೊ ಸ್ಟೆಫಾನೊ ದಿ ಸೆಸ್ಸಾನಿಯೊ ಇದರ ಹೆಸರಾದ ಮಾದರಿ. ಸಮುದ್ರಮಟ್ಟದಿಂದ ಸಾವಿರದ ಇನ್ನೂರು ಮೀಟರಿಗೂ ಎತ್ತರದ ಕಲ್ಲಿನೂರು. ಒಂದು ಕಾಲಕ್ಕೆ ಉಣ್ಣೆಯ ವ್ಯಾಪಾರದಿಂದ ಬಾಳಿದ್ದು, ಆಮೇಲೆ ವಲಸೆಯಿಂದ ಬರಿದಾದದ್ದು. ದಾನಿಯೇಲೆ ಕಿಲ್‌ಗ್ರೆನ್ ಎಂಬ ಉದ್ಯಮಿ ಪಾಳುಮನೆಗಳನ್ನು ಕೊಂಡು, ಹೊಗೆ ಹಿಡಿದ ಗೋಡೆಯನ್ನೂ ಹಳೆಯ ಮರದ ಬಾಗಿಲನ್ನೂ ಹಾಗೆಯೇ ಉಳಿಸಿ ಅತಿಥಿಗಳಿಗೆ ತೆರೆದರು. ಊರಿನ ಸುತ್ತ ಹೊಸ ಕಾಂಕ್ರೀಟು ಏಳಬಾರದೆಂದು ಸ್ಥಳೀಯ ಆಡಳಿತದೊಂದಿಗೆ ಒಪ್ಪಂದವನ್ನೂ ಮಾಡಿಕೊಂಡರು. 2009ರ ಲಾಕ್ವಿಲಾ ಭೂಕಂಪದಲ್ಲಿ ಊರಿನ ಗುರುತಾಗಿದ್ದ ಗೋಪುರ ಕುಸಿಯಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಆ ಬೆಟ್ಟದ ಕಡುಕಂದು ಬಣ್ಣದ ಸಣ್ಣ ಮಸೂರ ಬೇಳೆ ಈಗ ಇಟಲಿಯೆಲ್ಲ ಹೆಸರು ಮಾಡಿದೆ. ಪ್ರವಾಸಿ ಬಂದದ್ದರಿಂದ ಬೇಸಾಯ ಉಳಿದದ್ದು ನನ್ನ ಮಟ್ಟಿಗೆ ದೊಡ್ಡ ಗೆಲುವು. ಆದರೂ ಊರು ಮತ್ತೆ ತುಂಬಿತು ಎಂದು ಹೇಳಲಾಗದು. ಚಳಿಗಾಲದಲ್ಲಿ ಅಲ್ಲಿ ಇಂದಿಗೂ ಹೊಗೆಯಾಡುವ ಮನೆಗಳು ಕಡಿಮೆ.

ಕಾಲವನ್ನು ಬದಲಿಸಿಕೊಂಡರೆ ಸಾಕಲ್ಲವೇ?

ಅರ್ಧ ಕೆಲಸ ಅದರಿಂದಲೇ ಆಗುತ್ತದೆ. ಬಿಸಿಲೂ ಈಗ ಅದನ್ನೇ ಹೇಳುತ್ತಿದೆ. 2023ರ ಜುಲೈನಲ್ಲಿ ಗ್ರೀಸಿನ ರೋಡ್ಸ್ ದ್ವೀಪದ ಕಾಡ್ಗಿಚ್ಚಿನಿಂದ ಸುಮಾರು 19,000 ಜನರನ್ನು ಸ್ಥಳಾಂತರಿಸಬೇಕಾಯಿತು. ಅದೇ ತಿಂಗಳು ಆಕ್ರೊಪೊಲಿಸ್ ಅನ್ನು ನಡುಹಗಲಿನಲ್ಲಿ ಮುಚ್ಚಿದರು.

ಇಲ್ಲಿ ನಮಗೊಂದು ಅನುಕೂಲವಿದೆ. ಯುರೋಪಿನವರ ಶಾಲಾ ರಜೆ ಜುಲೈ-ಆಗಸ್ಟ್. ನಮ್ಮದು ಏಪ್ರಿಲ್-ಮೇ, ಮತ್ತೆ ದಸರಾದ ಹೊತ್ತಿಗೆ ಅಕ್ಟೋಬರ್. ಮೆಡಿಟರೇನಿಯನ್‌ನಲ್ಲಿ ಹವೆ ಹಿತವಾಗಿ, ಜನ ಕಡಿಮೆಯಿರುವ ತಿಂಗಳುಗಳು ಅವೇ. ಕರ್ನಾಟಕದ ಸಂಸಾರವೊಂದು ಏನನ್ನೂ ತ್ಯಾಗ ಮಾಡದೆ ಸರಿಯಾದ ಕಾಲಕ್ಕೆ ಅಲ್ಲಿ ಇರಬಹುದು. ಈಸ್ಟರ್ ವಾರವೊಂದನ್ನು ತಪ್ಪಿಸಿದರೆ ಸಾಕು.

ಆದರೆ ವರ್ಷದ ಹನ್ನೆರಡು ತಿಂಗಳೂ ಜನ ಬರಬೇಕೆಂಬ ಹಂಬಲ ಬೇಡ. ಚಳಿಗಾಲದ ಮೌನ ದ್ವೀಪದ ಜನರಿಗೆ ಉಸಿರಾಟ. ಮನೆಗೆ ಸುಣ್ಣ ಹೊಡೆಯುವುದು, ಮದುವೆ ಮಾಡುವುದು, ಆಲಿವ್ ಕೀಳುವುದು ಎಲ್ಲ ಆಗಲೇ.

ಕಾರಿಲ್ಲದೆ ಒಳನಾಡು ನೋಡಲಾಗುತ್ತದೆಯೇ?

ಬಹಳ ಕಡೆ ಕಷ್ಟ. ಇದು ಈ ಯೋಜನೆಗಳ ದೊಡ್ಡ ದೌರ್ಬಲ್ಯ. ದಿನಕ್ಕೆ ಒಂದೇ ಬಸ್ಸು ಬರುವ ಹಳ್ಳಿಗೆ ಪ್ರವಾಸಿಗರನ್ನು ಕರೆದರೆ ಬಾಡಿಗೆ ಕಾರುಗಳು ಬರುತ್ತವೆ. ಹಳ್ಳಿಯ ಚೌಕ ಪಾರ್ಕಿಂಗ್ ಆಗುತ್ತದೆ. ಮಯೋರ್ಕಾದ ಕಾಪ್ ದೆ ಫೊರ್ಮೆಂತೊರ್ ತುದಿಯ ರಸ್ತೆಗೆ ಬೇಸಿಗೆಯಲ್ಲಿ ಖಾಸಗಿ ಕಾರು ನಿರ್ಬಂಧಿಸಿ ಬಸ್ಸು ಬಿಟ್ಟಿದ್ದಾರೆ. ಹಳ್ಳಿಯವರೂ ಬಳಸುವ ಬಸ್ಸನ್ನೇ ಬಲಪಡಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಅಲ್ಲಿಯೂ ಎಚ್ಚರ ಬೇಕು. ಬಾರ್ಸಿಲೋನಾದಲ್ಲಿ ಪಾರ್ಕ್ ಗುಯೆಲ್ ಕಡೆ ಹೋಗುವ 116ನೇ ನಂಬರಿನ ಸಣ್ಣ ಬಸ್ಸು ಪ್ರವಾಸಿಗರಿಂದಲೇ ತುಂಬಿ, ಗುಡ್ಡದ ಮೇಲಿನ ವೃದ್ಧರು ಹತ್ತಲಾಗದೆ ನಿಲ್ಲುತ್ತಿದ್ದರು. ನಗರಾಡಳಿತದ ಕೋರಿಕೆಯ ಮೇರೆಗೆ 2024ರಲ್ಲಿ ಗೂಗಲ್ ಮ್ಯಾಪ್ಸ್ ಆ ಬಸ್ಸನ್ನು ದಾರಿ ತೋರಿಸುವ ಪಟ್ಟಿಯಿಂದ ತೆಗೆದುಹಾಕಿತು. ನಿವಾಸಿಗಳಿಗೆ ಮತ್ತೆ ಸೀಟು ಸಿಕ್ಕಿತು. ದಾರಿ ತೋರಿಸುವುದು ಎಷ್ಟು ದೊಡ್ಡ ಶಕ್ತಿ ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಯಾವ ಊರುಗಳಿಗೆ ಹೋಗಬೇಕು ಎಂದು ಹೇಳಿ.

‘ಯಾರಿಗೂ ಗೊತ್ತಿಲ್ಲದ ಹತ್ತು ಊರುಗಳು’ ಎಂಬ ಪಟ್ಟಿಯನ್ನು ಬರೆಯಲು ನನಗೆ ಮನಸ್ಸಿಲ್ಲ. ಕ್ಸಾಮಿಲ್‌ಗೆ ಆದದ್ದು ಅಂಥ ಪಟ್ಟಿಗಳಿಂದಲೇ. ಆದರೆ ಅತಿಥಿಗಳನ್ನು ತಾವಾಗಿ ಬಯಸುವ, ವಿಶಾಲವಾದ ಸೀಮೆಗಳ ಹೆಸರು ಹೇಳಬಲ್ಲೆ. ಗ್ರೀಸಿನ ವಾಯವ್ಯದ ಝಗೋರಿ: ಕಲ್ಲು ಕಮಾನಿನ ಸೇತುವೆಗಳ 46 ಹಳ್ಳಿಗಳು, ಅದರ ಸಾಂಸ್ಕೃತಿಕ ಭೂದೃಶ್ಯ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಇಟಲಿಯ ಅಬ್ರುತ್ಸೊ ಬೆಟ್ಟಸೀಮೆ. ಸ್ಪೇನಿನ ತೆರುಎಲ್. ಇಸ್ಟ್ರಿಯಾದ ಒಳನಾಡು. ಸೈಪ್ರಸ್‌ನ ಟ್ರೂಡೋಸ್ ಬೆಟ್ಟಗಳ ಹಳ್ಳಿಗಳು. ಒಂದು ಪ್ರವಾಸಕ್ಕೆ ಒಂದೇ ಸೀಮೆ ಸಾಕು.

ಯೋಜನೆ ಗೆದ್ದಿತೋ ಸೋತಿತೋ ಎಂದು ತಿಳಿಯುವುದು ಹೇಗೆ?

ಬಂದವರ ತಲೆ ಎಣಿಸುವುದರಿಂದ ತಿಳಿಯುವುದಿಲ್ಲ. ಜನವರಿಯ ಒಂದು ಮಂಗಳವಾರ ಆ ಊರಿಗೆ ಹೋಗಿ ನೋಡಬೇಕು. ಶಾಲೆ ನಡೆಯುತ್ತಿದೆಯೇ? ಬ್ರೆಡ್ಡಿನ ಅಂಗಡಿ ತೆರೆದಿದೆಯೇ? ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗಿ ಅದೇ ಊರಿನಲ್ಲಿ ಬಾಡಿಗೆ ಮನೆ ಹಿಡಿಯಲು ಆಗುತ್ತಿದೆಯೇ?

ಕರ್ನಾಟಕದಿಂದ ಹೋಗುವವರು ಏನು ಮಾಡಬಹುದು?

‘ಹತ್ತು ದಿನ, ಏಳು ದೇಶ’ ಎಂಬ ಪ್ಯಾಕೇಜನ್ನು ಬಿಡಿ. ಬೆಂಗಳೂರಿನಿಂದ ಅಷ್ಟು ದೂರ ಹಾರುವುದರಿಂದ ಆಗುವ ಹೊಗೆಯ ಹೊರೆಯನ್ನು ಬಸ್ಸಿನಲ್ಲಿ ಓಡಾಡಿ ತೀರಿಸಲಾಗದು. ಅಪರೂಪಕ್ಕೆ ಹೋಗಿ ಹೆಚ್ಚು ದಿನ ಉಳಿಯುವುದೇ ಇರುವ ದಾರಿ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಾಲುವ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ ವಯಸ್ಕರಿಗೆ 90 ಯೂರೊ. ಐದು ದಿನಕ್ಕೂ ಅಷ್ಟೇ, ಇಪ್ಪತ್ತೈದು ದಿನಕ್ಕೂ ಅಷ್ಟೇ. ಹೆಚ್ಚು ದಿನ ತಂಗುವ ದೇಶಕ್ಕೇ ಅರ್ಜಿ ಹಾಕಬೇಕೆಂಬ ನಿಯಮವೂ ಒಂದೆಡೆ ನಿಲ್ಲುವವರಿಗೆ ಸಲೀಸು.

ಹಳ್ಳಿಗಳಲ್ಲಿ ಸಸ್ಯಾಹಾರ ಸಿಗುವುದೇ ಎಂಬ ಅಳುಕು ನಮ್ಮಲ್ಲಿ ಅನೇಕರಿಗೆ. ಪ್ರವಾಸಿ ಬೀದಿಗಳಿಗಿಂತ ಒಳನಾಡಿನಲ್ಲೇ ಚೆನ್ನಾಗಿ ಸಿಗುತ್ತದೆ. ಗ್ರೀಸಿನಲ್ಲಿ ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದ ಅಡುಗೆಗೆ ‘ನಿಸ್ತೀಸಿಮಾ’ ಎನ್ನುತ್ತಾರೆ: ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಚಿಪ್ಪಿನ ಮೀನು ಸೇರಿರಬಹುದಾದ್ದರಿಂದ ಅದನ್ನು ಮಾತ್ರ ಕೇಳಿ ತಿಳಿಯಬೇಕು. ಇಟಲಿಯ ಪುಲ್ಯಾದಲ್ಲಿ ಒಣ ಅವರೆಯಂಥ ಫಾವಾ ಬೇಳೆಯನ್ನು ಬೇಯಿಸಿ ಮಸೆದು ಕಹಿಸೊಪ್ಪಿನ ಜೊತೆ ಬಡಿಸುತ್ತಾರೆ. ಬಯಲುಸೀಮೆಯ ಮಸ್ಸೊಪ್ಪು ಉಂಡವರಿಗೆ ಅದು ಹೊಸ ರುಚಿಯೇನಲ್ಲ.

ಮೊದಲ ಸಲ ಹೋಗುತ್ತಿದ್ದೇನೆ. ವೆನಿಸ್ ನೋಡದೆ ಬರಬೇಕೇ?

ಖಂಡಿತ ನೋಡಿ. ಆದರೆ ಮೂರು ರಾತ್ರಿ ಅಲ್ಲೇ, ಅಪಾರ್ಟ್‌ಮೆಂಟ್ ಬಿಟ್ಟು ನೋಂದಾಯಿತ ಹೋಟೆಲಿನಲ್ಲಿ ತಂಗಿ. ನಡುಹಗಲಿನಲ್ಲಿ ಕೋಣೆಯಲ್ಲಿರಿ ಅಥವಾ ದೂರದ ದ್ವೀಪಗಳಿಗೆ ದೋಣಿ ಹಿಡಿಯಿರಿ; ಸಂಜೆ ಗುಂಪುಗಳು ಬಸ್ಸು ಹತ್ತಿದ ಮೇಲೆ ಹೊರಬನ್ನಿ.

ಎರಡನೆಯ ಸಲ ಹೋದಾಗ ನಾನು ಮಾಡಿದ್ದು ಅದನ್ನೇ. ಏಪ್ರಿಲ್ ತಿಂಗಳು. ಸಾನ್ ಬಾರ್ನಬಾ ಕಾಲುವೆಯಲ್ಲಿ ತರಕಾರಿ ಮಾರುವ ದೋಣಿಯೊಂದು ನಿಂತಿರುತ್ತದೆ. ಬೆಳಿಗ್ಗೆ ಅಲ್ಲಿ ಒಬ್ಬ ಅಜ್ಜಿ ಸಾಂತೆರಾಸ್ಮೊ ದ್ವೀಪದ ಎಳೆಯ ನೇರಳೆ ಪಲ್ಲೆಹೂಗಳನ್ನು (ಆರ್ಟಿಚೋಕ್) ಒಂದೊಂದಾಗಿ ತಿರುಗಿಸಿ ನೋಡಿ ಆರಿಸುತ್ತಿದ್ದರು. ನಾನು ಬೆರಳು ತೋರಿಸಿ ಹೇಗೆ ಮಾಡುವುದೆಂದು ಕೇಳಿದೆ. ಹಸಿಯಾಗಿಯೇ ತೆಳ್ಳಗೆ ಹೆಚ್ಚಿ, ಎಣ್ಣೆ, ಉಪ್ಪು, ನಿಂಬೆ ಹಾಕಬೇಕೆಂದು ಕೈಸನ್ನೆಯಲ್ಲೇ ವಿವರಿಸಿದರು. ಆಮೇಲೆ ತಮ್ಮ ಚೀಲದಿಂದ ಎರಡನ್ನು ತೆಗೆದು ನನ್ನ ಕೈಯಲ್ಲಿಟ್ಟು ಸೇತುವೆ ಹತ್ತಿ ಹೋದರು.